ಮೂರು ಪೆಗ್ಗಿನ ಹಾಡು, ಮೂರು ಮಾತ್ರೆಯ ಗಣ

ನನ್ನ ಬಿ.ಇಡಿ. ದಿನಗಳ ಪಾಠಯೋಜನೆಯ ಪುಸ್ತಕಗಳನ್ನು ಇನ್ನೂ ಎತ್ತಿಟ್ಟುಕೊಂಡಿದ್ದೇನೆ. ಕನ್ನಡ ವಿಧಾನದ ಪುಸ್ತಕದಲ್ಲಿ 2018ರ ಫೆಬ್ರವರಿಯ ಒಂದು ಪಾಠವಿದೆ. ಅದರ ಕೊನೆಗೆ ಮೇಲ್ವಿಚಾರಕರು ಕೆಂಪು ಶಾಯಿಯಲ್ಲಿ, "ಪೀಠಿಕೆ ಬಹಳ ಆಕರ್ಷಕ. ಇಡೀ ತರಗತಿ ಪಾಲ್ಗೊಂಡಿದೆ" ಎಂದು ಬರೆದು ಸಹಿ ಮಾಡಿದ್ದಾರೆ. ಅಭ್ಯಾಸ ಬೋಧನೆಯ ಅವಧಿಯಲ್ಲಿ ನನಗೆ ಸಿಕ್ಕ ಅತ್ಯುತ್ತಮ ಷರಾ ಅದು.

ಆದರೆ ಎರಡನೆಯ ವಾಕ್ಯ ನಿಜವಲ್ಲ. ಒಬ್ಬ ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟು ಕೂತಿದ್ದಳು. ಮೇಲ್ವಿಚಾರಕರು ಹಿಂದಿನ ಬೆಂಚಿನಲ್ಲಿದ್ದರು, ಅವರಿಗೆ ಅದು ಕಾಣುವಂತಿರಲಿಲ್ಲ. ನನಗೆ ಕಾಣುತ್ತಿತ್ತು. ಕಂಡೂ ಪಾಠ ಮುಂದುವರಿಸಿದೆ. ಆ ಪಾಠದ ಬಗ್ಗೆ ಮತ್ತು ಅದರ ನಂತರದ ಪಾಠದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮಕ್ಕಳ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ಪೀಠಿಕೆ

ಗುಳೇದಗುಡ್ಡದ ಒಂದು ಪ್ರೌಢಶಾಲೆಗೆ ನಮ್ಮ ತಂಡವನ್ನು ಹಾಕಿದ್ದರು. ನಾನು ಹುನಗುಂದದ ಕಡೆಯವನು. ಗುಳೇದಗುಡ್ಡದ ಖಣ ಅವ್ವನ ಕುಪ್ಪಸದಿಂದ ಪರಿಚಯವೇ ಹೊರತು ಊರು ಪರಿಚಯವಿರಲಿಲ್ಲ. ಬಸ್ ಇಳಿದು ಶಾಲೆಗೆ ನಡೆಯುವ ಓಣಿಯಲ್ಲಿ ಬೆಳಿಗ್ಗೆಯೇ ಮಗ್ಗದ ಸದ್ದು ಕೇಳುತ್ತಿತ್ತು. ಬಾಗಿಲು ತೆರೆದಿದ್ದರೆ ಕುಣಿಯೊಳಗೆ ಕಾಲಿಳಿಬಿಟ್ಟು ಕೂತ ನೇಕಾರರೂ ಕಾಣುತ್ತಿದ್ದರು. ಬಗಲಲ್ಲಿ ಚಾರ್ಟು, ಕೈಯಲ್ಲಿ ಪಾಠಯೋಜನೆ ಹಿಡಿದು ನಾನು ಆ ಮನೆಗಳ ಮುಂದೆ ಹಾದುಹೋಗುತ್ತಿದ್ದೆ. ಪಾಠೋಪಕರಣ ಎಂದರೆ ನಾನು ತಯಾರಿಸಿ ಒಯ್ಯುವ ವಸ್ತು ಎಂದಷ್ಟೇ ತಿಳಿದಿದ್ದ ಕಾಲ ಅದು.

ಒಂಬತ್ತನೆಯ ತರಗತಿಗೆ ಛಂದಸ್ಸಿನ ಪುನರಾವರ್ತನೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಕನ್ನಡ ಓದುವವರಲ್ಲಿಯೇ ಅನೇಕರಿಗೆ ಬೇಡವಾದ ಭಾಗ. ಮಕ್ಕಳಿಗೆ ಲಘು, ಗುರು ಗುರುತಿಸುವ ನಿಯಮಗಳು ಬಾಯಿಪಾಠವಾಗಿದ್ದವು. ದೀರ್ಘಾಕ್ಷರ ಗುರು, ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅನುಸ್ವಾರ ವಿಸರ್ಗ ಇರುವ ಅಕ್ಷರ ಗುರು ಎಂದು ಒಂದೇ ಉಸಿರಿಗೆ ಹೇಳುತ್ತಿದ್ದರು. ಒಂದು ಸಾಲು ಕೊಟ್ಟು ಗಣ ವಿಭಾಗಿಸಿ ಎಂದರೆ ಮಾತ್ರ ಲೆಕ್ಕದ ತರಗತಿಯಲ್ಲಿ ಕೂತಂತೆ ಬೆರಳೆಣಿಸುತ್ತಿದ್ದರು. ಅದು ಕಿವಿಗೆ ಸಂಬಂಧಿಸಿದ ವಿಷಯವೆಂದು ಅವರಿಗೆ ಯಾರೂ ಹೇಳಿದಂತಿರಲಿಲ್ಲ. ಕಿವಿಯಿಂದ ಕಲಿಸಬೇಕು ಎಂದು ನಾನು ನಿರ್ಧರಿಸಿದೆ. ನಿರ್ಧಾರ ಸರಿಯಾಗಿಯೇ ಇತ್ತು, ಆಯ್ದುಕೊಂಡ ಹಾಡು ತಪ್ಪಾಯಿತು.

ಆಗ ಎಲ್ಲ ಮಕ್ಕಳ ಬಾಯಲ್ಲಿ ಒಂದೇ ಹೆಸರು, ಚಂದನ್ ಶೆಟ್ಟಿ. ಅವರ '3 ಪೆಗ್' ಎಂಬ ರ‍್ಯಾಪ್ ಹಾಡು ಯೂಟ್ಯೂಬಿನಲ್ಲಿ ಬಂದು ಎಲ್ಲೆಡೆ ಹಬ್ಬಿತ್ತು. ಅಲ್ಲಿಯವರೆಗೆ ಕನ್ನಡದ ಜನಪ್ರಿಯ ಹಾಡೆಂದರೆ ಬಹುಮಟ್ಟಿಗೆ ಸಿನಿಮಾದ ಹಾಡು. ಇದು ಸಿನಿಮಾದ ಹಂಗಿಲ್ಲದೆ ಮದುವೆ ಮೆರವಣಿಗೆಗೂ ಗಣಪತಿ ಮುಂದಿನ ಡಿಜೆಗೂ ಆಟೋಗಳಿಗೂ ನುಗ್ಗಿತು. ರ‍್ಯಾಪ್ ಎಂಬ ಶಬ್ದವನ್ನೇ ಕೇಳದವರೂ ಅದಕ್ಕೆ ಹೆಜ್ಜೆ ಹಾಕಿದರು. ಆಮೇಲೆ ಚಂದನ್ ಬಿಗ್ ಬಾಸ್ ಕನ್ನಡದ ಐದನೆಯ ಆವೃತ್ತಿಗೆ ಹೋದರು. 2018ರ ಜನವರಿ ಕೊನೆಗೆ ಗೆದ್ದೂ ಬಂದರು. ಹೀಗೆ, ಹುಡುಗರು ಫೋನಿನಲ್ಲಿ ಕೇಳುತ್ತಿದ್ದ ರ‍್ಯಾಪಿನ ಗಾಯಕ ಅಜ್ಜಿಯರು ನೋಡುವ ಟಿವಿಯಲ್ಲೂ ಮನೆಮಾತಾದರು. ನನ್ನ ಪಾಠವಿದ್ದದ್ದು ಅದಾದ ಕೆಲವೇ ದಿನಗಳಿಗೆ.

ಸೂಕ್ಷ್ಮ ಬೋಧನೆಯಲ್ಲಿ ಪೀಠಿಕಾ ಕೌಶಲಕ್ಕೆ ಒಳ್ಳೆಯ ಅಂಕ ಪಡೆದವನು ನಾನು. ಮಕ್ಕಳ ಪೂರ್ವಜ್ಞಾನದಿಂದ ಹೊರಡಬೇಕು ಎಂಬ ಸೂತ್ರ ತಲೆಯಲ್ಲಿತ್ತು. ಪ್ರಶ್ನೆಗಳನ್ನು ಹೀಗೆ ಜೋಡಿಸಿದ್ದೆ: ಈಚೆಗೆ ಬಿಗ್ ಬಾಸ್ ಗೆದ್ದವರು ಯಾರು? ಅವರ ಪ್ರಸಿದ್ಧ ಹಾಡು ಯಾವುದು? ಅದನ್ನು ಯಾರು ಹಾಡುತ್ತೀರಿ?

ಮೂರನೆಯ ಪ್ರಶ್ನೆ ಮುಗಿಯುವ ಮೊದಲೇ ಹುಡುಗರು ಎದ್ದು ನಿಂತರು. ನಾನು ಮೇಜಿನ ಮೇಲೆ ತಾಳ ಹಾಕಿದೆ. ಮದ್ಯದ ಸುತ್ತ ಹೆಣೆದ ಆ ತಮಾಷೆಯ ಹಾಡನ್ನು ಇಡೀ ಕೋಣೆ ಹಾಡಿತು. ಪಕ್ಕದ ತರಗತಿಯ ಮಕ್ಕಳು ಕಿಟಕಿಗೆ ಬಂದರು. "ನೋಡಿ, ನಿಮ್ಮ ಕೈ ಎಷ್ಟಕ್ಕೊಮ್ಮೆ ಬೀಳುತ್ತಿದೆ? ನಾಲ್ಕಕ್ಕೊಮ್ಮೆ. ಇದೇ ನಾಲ್ಕು ಮಾತ್ರೆಯ ಗಣ" ಎಂದು ಉದ್ದೇಶ ಕಥನಕ್ಕೆ ಬಂದೆ. ಚಪ್ಪಾಳೆ. ಮೂರನೆಯ ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿದ್ದ ಹುಡುಗಿಗೆ ತಲೆನೋವಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಷರಾದಲ್ಲಿ ಬಾರದ ಮಾತು

ಮರುದಿನ ಆ ಹುಡುಗಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ನನಗೆ ಅದು ಹಾಜರಿಯ ಒಂದು ಗೆರೆ ಮಾತ್ರ. ಮಾರ್ಗದರ್ಶಕ ಶಿಕ್ಷಕಿಯಾಗಿದ್ದ ಹಿರಿಯ ಮೇಡಂ ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದರು.

"ತಮ್ಮಾ, ನಿನ್ನ ಪಾಠ ಛಲೋ ಆತು ಅಂತ ಎಲ್ಲಾರೂ ಅಂದ್ರು. ಆದ್ರ ಒಂದು ಮಾತು ಹೇಳಬೇಕು. ಆ ಹುಡುಗಿ ಮನೀದು ನಿನಗ ಗೊತ್ತಿಲ್ಲ."

ಆಕೆಯ ತಂದೆ ಕುಡಿತಕ್ಕೆ ಬಿದ್ದು ಮಗ್ಗದಿಂದ ಎದ್ದುಹೋಗಿ ಬಹಳ ದಿನಗಳಾಗಿದ್ದವು. ಮಗ್ಗದ ಮೇಲೆ ಕೂರುವವಳು ತಾಯಿ. ಓಣಿಯಲ್ಲಿ ಎಲ್ಲರಿಗೂ ತಿಳಿದ ಸಂಗತಿ, ಆದರೆ ಶಾಲೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆ ದಿನ ನನ್ನ ಪಾಠ ಮುಗಿದ ಮೇಲೆ, ಬಿಡುವಿನಲ್ಲಿ, ಇಬ್ಬರು ಹುಡುಗರು ಆಕೆಯ ಹಿಂದೆ ಹೋಗಿ ಹಾಡು ಹೇಳಿ, "ನಿಮ್ಮಪ್ಪನ ಹಾಡು" ಅಂದರಂತೆ. ಉಳಿದವರು ನಕ್ಕರಂತೆ.

"ಹುಡುಗ್ರಿಗೆ ನಾ ಬೈದೀನಿ. ಆದ್ರ ಅವರಿಗೆ ಆ ಹಾಡು ಸಾಲಿಯೊಳಗ ಹಾಡಾಕ ಬರ್ತೈತಿ ಅಂತ ತೋರಿಸಿದವರು ಯಾರು?" ಎಂದು ಮೇಡಂ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಡಬ್ಬಿಯಲ್ಲಿದ್ದ ರೊಟ್ಟಿ ಮುರಿದು ನನಗೂ ಕೊಟ್ಟರು. ನನಗೆ ಇಳಿಯಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಇದು ಹಾಡಿನ ಮೇಲಿನ ದೂರಲ್ಲ. ಮದುವೆ ಮನೆಗೋ ಗೆಳೆಯರ ಕೂಟಕ್ಕೋ ಎಂದು ಕಟ್ಟಿದ ಹಾಡನ್ನು ಶಾಲೆಯ ಕೋಣೆಗೆ ತಂದವನು ನಾನು. ಕೇಳುವುದನ್ನು ಬಿಟ್ಟು ಹೋಗಲು ಅಲ್ಲಿ ಮಕ್ಕಳಿಗೆ ಸ್ವಾತಂತ್ರ್ಯವಿಲ್ಲ. ಓಣಿಯಲ್ಲಿ ಆ ಹಾಡು ಬಂದರೆ ಆಕೆ ಬಾಗಿಲು ಹಾಕಿಕೊಳ್ಳಬಹುದಿತ್ತು. ನನ್ನ ತರಗತಿಯಲ್ಲಿ ತಲೆ ತಗ್ಗಿಸುವುದಷ್ಟೇ ಅವಳಿಗೆ ಸಾಧ್ಯವಿತ್ತು. ಪೂರ್ವಜ್ಞಾನ ಎಂದು ನಾವು ಪಾಠಯೋಜನೆಯಲ್ಲಿ ಒಂದು ಸಾಲು ಬರೆಯುತ್ತೇವಲ್ಲ, ಅದರೊಳಗೆ ಮಗುವಿನ ಮನೆಯ ರಾತ್ರಿಗಳೂ ಇರುತ್ತವೆ ಎಂಬುದು ನನಗೆ ಹೊಳೆದಿರಲಿಲ್ಲ.

"ಇನ್ನು ಮುಂದ ಸಿನಿಮಾ ಹಾಡು, ರ‍್ಯಾಪು ಏನೂ ಬ್ಯಾಡ್ರಿ ಮೇಡಂ, ಪುಸ್ತಕದಾಗ ಇದ್ದಷ್ಟ ಹೇಳ್ತೀನಿ" ಅಂದೆ. ಅದಕ್ಕೂ ಅವರು ಒಪ್ಪಲಿಲ್ಲ. "ಹುಡುಗ್ರು ಮೊದಲನೇ ಸಲ ಗಣ ಅಂದ್ರ ಏನು ಅಂತ ಕಿವಿಯಿಂದ ಕೇಳ್ಯಾರ. ಅದನ್ಯಾಕ ಬಿಡ್ತಿ? ತಾಳ ಇಟ್ಕೊ, ಮಾತು ಬದಲಿ ಮಾಡು" ಎಂದರು.

ತಾಳ ಉಳಿಸಿಕೊಂಡು

ಆ ರಾತ್ರಿ ರ‍್ಯಾಪಿನ ಬಗ್ಗೆ ಹುಡುಕಿ ಓದಿದೆ. ಪಾಠಕ್ಕೆ ಮೊದಲು ಓದಬೇಕಾಗಿದ್ದನ್ನು ಆಮೇಲೆ ಓದಿದೆ. ಎರಡು ಸಂಗತಿಗಳು ನನ್ನನ್ನು ಹಿಡಿದು ನಿಲ್ಲಿಸಿದವು.

ಮೊದಲನೆಯದು, ಈ ಕಲೆ ಹುಟ್ಟಿದ ಬಗೆ. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆಯಲ್ಲಿ 1973ರ ಆಗಸ್ಟ್ 11ರಂದು ಕೂಲ್ ಹರ್ಕ್ ಎಂಬ ತರುಣ ತನ್ನ ತಂಗಿಯ ಜೊತೆ ಸೇರಿ ಒಂದು ಕೂಟ ಏರ್ಪಡಿಸಿದ್ದ. ಹಿಪ್ ಹಾಪ್ ಹುಟ್ಟಿದ ದಿನವೆಂದು ಅದನ್ನೇ ನೆನೆಯುತ್ತಾರೆ. ಹಾಡುಗಾರಿಕೆ ನಿಂತು ಬರೀ ಡ್ರಮ್ಮಿನ ಬಡಿತ ಉಳಿಯುವ ತುಣುಕಿಗೆ ಜನ ಹೆಚ್ಚು ಕುಣಿಯುವುದನ್ನು ಆತ ಗಮನಿಸಿದ್ದ. ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಯಂತ್ರಗಳ ಮೇಲಿಟ್ಟು ಆ ತುಣುಕನ್ನಷ್ಟೇ ಮತ್ತೆ ಮತ್ತೆ ನುಡಿಸುತ್ತಿದ್ದ. ಆ ಬಡಿತದ ಮೇಲೆ ಜನ ತಮ್ಮ ಮಾತು ಹೇಳಲು ಶುರುಮಾಡಿದರು. ಅಂದರೆ ಬೇರೆಯವರ ಹಾಡಿನಿಂದ ಮಾತು ತೆಗೆದು ತಾಳ ಉಳಿಸಿಕೊಳ್ಳುವುದೇ ಇದರ ಮೂಲ. ಹಿಪ್ ಹಾಪ್ ಓದದ ನಮ್ಮ ಮೇಡಂ ಅದನ್ನೇ ಹೇಳಿದ್ದರು.

ಎರಡನೆಯದು 1979ರ 'ರ‍್ಯಾಪರ್ಸ್ ಡಿಲೈಟ್'. ಓಣಿಯ ಕಲೆಯನ್ನು ಮನೆಮನೆಯ ರೇಡಿಯೋಗೆ ಮುಟ್ಟಿಸಿದ ಹಾಡು ಅದು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ 40ರೊಳಗೆ ಬಂದ ಮೊದಲ ರ‍್ಯಾಪ್ ಹಾಡು. ಅದನ್ನು ಹಾಡಿದ ಮೂವರಲ್ಲಿ ಒಬ್ಬನಾದ ಹ್ಯಾಂಕ್ ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಆತ ಹೇಳಿದ ಸಾಲುಗಳು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಇನ್ನೊಬ್ಬ ಕಲಾವಿದನ ನೋಟ್‌ಬುಕ್ಕಿನಿಂದ ಬಂದವು. ಕ್ಯಾಜ್ ತನ್ನ ಅಡ್ಡಹೆಸರನ್ನು ಅಕ್ಷರ ಬಿಡಿಸಿ ಹೇಳಿಕೊಂಡ ಭಾಗವೂ ಬದಲಾಗದೆ ಹಾಗೆಯೇ ಹಾಡಿನೊಳಗೆ ಹೋಯಿತು. ಓದಿ ನಗು ಬಂತು. ಹಿರಿಯರ ಪಾಠಯೋಜನೆ ನಕಲು ಮಾಡುವಾಗ ಅವರು ಪಾಠ ಮಾಡಿದ ಶಾಲೆಯ ಹೆಸರನ್ನೂ ಸೇರಿಸಿ ಬರೆದು ಸಿಕ್ಕಿಬಿದ್ದ ಗೆಳೆಯರು ನಮ್ಮ ತಂಡದಲ್ಲೇ ಇದ್ದರು. ಆಮೇಲೆ ನಗು ನಿಂತಿತು. ನಾನೂ ಇನ್ನೊಬ್ಬರ ಮಾತನ್ನು ಅದರೊಳಗೆ ಏನಿದೆ ಎಂದು ನೋಡದೆ ತರಗತಿಗೆ ಒಯ್ದವನೇ.

ನಾಲ್ಕನೆಯ ದಿನ ಹುಡುಗಿ ಬಂದಳು. ಅವಳನ್ನು ಕರೆದು ಕ್ಷಮೆ ಕೇಳಬೇಕೆಂದಿದ್ದೆ. ಮೇಡಂ ತಡೆದರು. ಎಲ್ಲರ ಮುಂದೆ ಕರೆದರೆ ಮತ್ತೊಮ್ಮೆ ಅವಳನ್ನೇ ತೋರಿಸಿದಂತೆ. ನಾನು ತರಗತಿಗೆ ಇಷ್ಟೇ ಹೇಳಿದೆ: "ಹೋದ ಪಾಠದಾಗ ನಾ ಹಾಡಿಸಿದ ಹಾಡು ಸಾಲಿಗೆ ತಕ್ಕದ್ದಲ್ಲ. ಅದು ನನ್ನ ತಪ್ಪು. ಇವತ್ತು ಬರೀ ತಾಳ ತಗೊಳ್ಳೋಣು, ಮಾತು ನಾವ ಬರಿಯೋಣು. ನೀವು ದಿನಾ ನೋಡೋ ಒಂದು ಕೆಲಸದ ಬಗ್ಗೆ ಬರೀರಿ." 'ನಿಮ್ಮ ಮನೆಯ ಬಗ್ಗೆ' ಎಂದು ಪಾಠಯೋಜನೆಯಲ್ಲಿ ಬರೆದಿದ್ದೆ. ಅದನ್ನು ಹೊಡೆದುಹಾಕಿ 'ಕೆಲಸದ ಬಗ್ಗೆ' ಎಂದು ತಿದ್ದಿಕೊಂಡಿದ್ದೆ. ಮನೆ ಎಂಬ ವಿಷಯವೂ ಎಲ್ಲ ಮಕ್ಕಳಿಗೆ ಒಂದೇ ಅಲ್ಲ ಎಂಬಷ್ಟು ಬುದ್ಧಿ ಬಂದಿತ್ತು.

ಹುಡುಗರು ಡೆಸ್ಕು ಬಡಿದು ನಾಲ್ಕರ ತಾಳ ಹಿಡಿದರು. ಹಿಂದಿನ ಬೆಂಚಿನ ಗುಂಪು ಒಂದು ಸಾಲು ಕೊಟ್ಟಿತು:

ಬಸ್ಸಿಗೆ ಓಡುವ ಬಾದಾಮಿಗೆ ನಡಿ

ಕಪ್ಪುಹಲಗೆಯ ಮೇಲೆ ಬಿಡಿಸಿದೆವು. ಬಸ್ಸಿಗೆ, ನಾಲ್ಕು. ಓಡುವ, ನಾಲ್ಕು. ಬಾದಾ, ನಾಲ್ಕು. ಮಿಗೆನಡಿ, ನಾಲ್ಕು. "ಸರ್, ಬಾದಾಮಿ ಒಡದು ಹೋತ್ರಿ" ಎಂದು ಒಬ್ಬ ಕೂಗಿದ. ಪದ ಮುಗಿಯುವಲ್ಲಿಯೇ ಗಣ ಮುಗಿಯಬೇಕಾಗಿಲ್ಲ ಎಂದು ನಾನು ಮೂರು ಸಲ ವಿವರಿಸಿದರೂ ತಿಳಿಯದಿದ್ದುದು ಒಡೆದ ಬಾದಾಮಿಯಿಂದ ತಿಳಿಯಿತು. ಇನ್ನೊಬ್ಬ, ತನ್ನ ಅಜ್ಜ ಜಾತ್ರೆಗಳಲ್ಲಿ ಹರದೇಶಿ ಮೇಳದಲ್ಲಿ ಹಾಡುತ್ತಿದ್ದ ಎಂದ. ಹರದೇಶಿಯವರು ಶಿವ ಹೆಚ್ಚೆಂದು, ನಾಗೇಶಿಯವರು ಶಕ್ತಿ ಹೆಚ್ಚೆಂದು ಡಪ್ಪು, ತುಂತುಣಿ ಹಿಡಿದು ರಾತ್ರಿಯಿಡೀ ಸವಾಲು ಜವಾಬು ಹಾಡುವ ಗೀಗೀ ಪರಂಪರೆ ನಮ್ಮ ಭಾಗದ್ದು. ಎದುರಾಳಿಯ ಮಾತಿಗೆ ತಾಳ ತಪ್ಪದೆ ಅಲ್ಲೇ ಉತ್ತರ ಕಟ್ಟುವುದರಲ್ಲಿ ಅವರು ರ‍್ಯಾಪಿನವರಿಗೆ ಕಡಿಮೆಯಲ್ಲ. ಈ ಹೋಲಿಕೆ ನನಗೆ ಹೊಳೆದದ್ದಲ್ಲ, ಒಂಬತ್ತನೆಯ ತರಗತಿಯ ಹುಡುಗ ಕೊಟ್ಟದ್ದು.

ಅವಧಿ ಮುಗಿಯುತ್ತ ಬಂದಾಗ ಮೂರನೆಯ ಬೆಂಚಿನ ತುದಿಯಿಂದ ಸಣ್ಣ ದನಿ ಬಂತು.

"ಸರ್, ನಾಲ್ಕು ಬರಂಗಿಲ್ರಿ."

"ಯಾಕವಾ?"

"ಮಗ್ಗ ಮೂರರಾಗ ನಡೀತೈತ್ರಿ. ತುಳೀಬೇಕು, ಲಾಳಿ ಎಸೀಬೇಕು, ಬಡೀಬೇಕು. ನಾಕನೇದು ಏನೂ ಇಲ್ರಿ."

ಕೋಣೆ ಸುಮ್ಮನಾಯಿತು. ಆ ಸದ್ದಿನಲ್ಲಿ ಹುಟ್ಟಿ ಬೆಳೆದ ಮಕ್ಕಳು. ಎಲ್ಲರೂ ಮನಸ್ಸಿನಲ್ಲಿ ಎಣಿಸಿ ನೋಡಿದರು. ಯಾರೋ ಕಾಲಿನಿಂದ ನೆಲ ತಟ್ಟಿ, ಕೈ ಜಾರಿಸಿ, ಡೆಸ್ಕು ಬಡಿದ. ಉಳಿದವರು ಸೇರಿಕೊಂಡರು. ಮೂರು ಕೆಲಸ, ಮೂರು ಮಾತ್ರೆ, ಒಂದು ಗಣ. ನಾನು ದಿನಾ ಹಾದುಹೋಗುತ್ತಿದ್ದ ಓಣಿಯ ಸದ್ದು ಅದು. ಚಾರ್ಟಿನಲ್ಲಿ ಮೂರು ಮಾತ್ರೆಯ ಗಣಕ್ಕೆ ನಾನು ಬರೆದಿದ್ದ ಉದಾಹರಣೆಯನ್ನು ಮಡಚಿಟ್ಟೆ.

ಅವಳ ಪುಸ್ತಕದಲ್ಲಿ ಎರಡು ಸಾಲುಗಳಿದ್ದವು. ಮೊದಲ ಸಾಲಿನಲ್ಲಿ 'ಮೊದಲೇ' ಎಂದು ಬರೆದಿದ್ದಳು. ತಾಳದೊಡನೆ ಓದಿದಾಗ ಅಲ್ಲಿ ಎಡವಿತು. "ಲೇ ಅಂದ್ರ ಲಾಳಿ ಸಿಗಿಬೀಳ್ತೈತ್ರಿ" ಎಂದು ತಾನೇ ದೀರ್ಘವನ್ನು ಹೊಡೆದುಹಾಕಿದಳು. ನಿಯಮ ಬಾಯಿಪಾಠ ಮಾಡಿದ ಮಗು ಮಾತ್ರೆ ಎಣಿಸುತ್ತದೆ. ಈ ಮಗುವಿಗೆ ಹೆಚ್ಚಾದ ಮಾತ್ರೆ ಕಿವಿಗೆ ತಾಗಿತು. ನನ್ನ ಪಾಠದ ಉದ್ದೇಶಗಳಲ್ಲಿ ಇದಕ್ಕಿಂತ ದೊಡ್ಡದನ್ನು ನಾನು ಬರೆದಿರಲಿಲ್ಲ.

ಮೂರನೆಯ ಸಾಲನ್ನು ಮರುದಿನ ತಂದಳು. ಭೋಗ ಷಟ್ಪದಿಯ ಮೂರನೆಯ ಸಾಲಿಗೆ ಮೂರು ಮಾತ್ರೆಯ ಆರು ಗಣ, ಕೊನೆಗೊಂದು ಗುರು ಬೇಕೆಂದು ನಾನು ತೋರಿಸಿದ್ದೆ. ಒಂದೆರಡು ಪದ ಕೂಡಿಸಲು ಸಹಾಯ ಮಾಡಿದೆ, ಅಷ್ಟೆ.

ಬೆಳಕು ಬರುವ ಮೊದಲೆ ಎದ್ದು
ತುಳಿದು ಎಸೆದು ಬಡಿದಳವ್ವ
ಉಳಿದ ನೂಲ ಕಂಡಿಕಿಯನು ಸುತ್ತಿ ಇಟ್ಟೆ ನಾ

ಬರೆದು ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಬೆಳಕು, ತುಳಿದು, ಉಳಿದ. ಮೂರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಳಕಾರ, ಅದರ ಹಿಂದೆ ಲಘು. ಆದಿಪ್ರಾಸ! ರ‍್ಯಾಪಿನವರು ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕುತ್ತಾರೆ. ನಮ್ಮ ಹಳೆಯ ಕವಿಗಳು ಸಾಲಿನ ಎರಡನೆಯ ಅಕ್ಷರದಲ್ಲಿ ಇಡುತ್ತಿದ್ದರು. ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆ ದಿನ ಇಡೀ ತರಗತಿಗೆ ಅಂತ್ಯಪ್ರಾಸ, ಆದಿಪ್ರಾಸಗಳ ವ್ಯತ್ಯಾಸ ಕಲಿಸಲು ಹಲಗೆಯ ಮೇಲೆ ಎರಡು ಉದಾಹರಣೆಗಳಿದ್ದವು. ಎರಡೂ ಮಕ್ಕಳವೇ.

ಈ ಎರಡನೆಯ ಪಾಠವನ್ನು ನೋಡಲು ಮೇಲ್ವಿಚಾರಕರು ಬಂದಿರಲಿಲ್ಲ. ಹಾಗಾಗಿ ಅದಕ್ಕೆ ಷರಾ ಇಲ್ಲ.

ಉಳಿದ ಅರ್ಧ

ಈಗ ನಾನು ಶಾಲೆಯಲ್ಲಿ ಕಲಿಸುತ್ತೇನೆ. ಅಭ್ಯಾಸ ಬೋಧನೆಗೆ ಬರುವ ಪ್ರಶಿಕ್ಷಣಾರ್ಥಿಗಳ ಪಾಠಗಳನ್ನೂ ನೋಡುತ್ತೇನೆ. ಅವರು ತರುವ ಹಾಡುಗಳು ಬದಲಾಗಿವೆ. 2024ರಲ್ಲಿ ಬೆಂಗಳೂರಿನಲ್ಲಿ ಹೆಸರು ಮಾಡಿದ ರ‍್ಯಾಪರ್ ಹನುಮನ್‌ಕೈಂಡ್ ಅವರ 'ಬಿಗ್ ಡಾಗ್ಸ್' ಅಮೆರಿಕದ ಪಟ್ಟಿಯವರೆಗೆ ಹೋಯಿತು. ಅದರ ವಿಡಿಯೋದಲ್ಲಿ ಮರದ ಬಾವಿಯ ಗೋಡೆಯ ಮೇಲೆ ಬೈಕು ಓಡಿಸುವ ಜಾತ್ರೆಯ ಆಟವಿದೆ. ಜಾತ್ರೆ ಕಂಡ ಮಕ್ಕಳು ಅದನ್ನು ತಮ್ಮದೇ ಎಂಬಂತೆ ನೋಡುತ್ತಾರೆ. ಪ್ರಶಿಕ್ಷಣಾರ್ಥಿಯೊಬ್ಬರು ಅದನ್ನು ಪೀಠಿಕೆಗೆ ಬಳಸಬಹುದೇ ಎಂದು ಕೇಳಿದಾಗ ನಾನು ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಎರಡು ಪ್ರಶ್ನೆ ಕೇಳಿದೆ. ಈ ಹಾಡಿನಿಂದ ಪಾಠಕ್ಕೆ ಬೇಕಾದದ್ದು ಯಾವುದು, ತಾಳವೋ ಮಾತೋ ಚಿತ್ರವೋ? ಉಳಿದದ್ದು ತರಗತಿಯ ಯಾವ ಮಗುವಿಗೆ ತಾಗಬಹುದು? ಎರಡನೆಯದಕ್ಕೆ ಉತ್ತರ ಗೊತ್ತಿಲ್ಲದಿದ್ದರೆ ಆ ತರಗತಿಯ ಶಿಕ್ಷಕರನ್ನು ಕೇಳಬೇಕು. ನಾವು ಕೆಲವೇ ದಿನಗಳಿಗೆ ಹೋಗುವವರು, ಅವರು ವರ್ಷವಿಡೀ ಇರುವವರು.

ಮೇಲ್ವಿಚಾರಕರಾಗಿ ಹೋಗುವ ಹಿರಿಯರಿಗೂ ಒಂದು ಮಾತು. ನಾನೀಗ ಪಾಠ ನೋಡುವಾಗ ಹಿಂದಿನ ಬೆಂಚಿನಲ್ಲಿ ಕೂರುವುದಿಲ್ಲ. ಮಕ್ಕಳ ಮುಖ ಕಾಣುವಂತೆ ಪಕ್ಕದ ಗೋಡೆಗೆ ಕುರ್ಚಿ ಹಾಕಿಸಿಕೊಳ್ಳುತ್ತೇನೆ.

ಗುಳೇದಗುಡ್ಡದಿಂದ ಹೊರಡುವ ಕೊನೆಯ ದಿನ ಆ ಹುಡುಗಿಗೆ ಹೇಳಿದೆ: "ಷಟ್ಪದಿಗೆ ಆರು ಸಾಲವಾ. ನಿಂದು ಅರ್ಧ ಆಗೇತಿ. ಇನ್ನ ಮೂರು ಸಾಲು ಬರದು ಮುಗಸು."

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವ್ವಂದು ಮುಗೀತ್ರಿ ಸರ್. ಇನ್ನ ಬರದ್ರ ಅಪ್ಪಂದು ಬರೀಬೇಕಾಗ್ತೈತಿ. ಸದ್ಯಕ್ಕ ಬ್ಯಾಡ್ರಿ" ಅಂದಳು.

"ಆತವಾ, ಬ್ಯಾಡ" ಎಂದೆ. ಪಾಠಯೋಜನೆಯ ಪುಸ್ತಕದ ಕೊನೆಯ ಪುಟದಲ್ಲಿ ಆ ಮೂರು ಸಾಲುಗಳನ್ನು ಬರೆದಿಟ್ಟುಕೊಂಡಿದ್ದೇನೆ. ಅದರ ಕೆಳಗೆ ಮೂರು ಸಾಲಿನ ಜಾಗವನ್ನೂ ಬಿಟ್ಟಿದ್ದೇನೆ.